ಪರದೆಯ ಕೆಳಗಿನ ಮೂರನೇ ಭಾಗ

ಕೆಟ್ಟ ವಸ್ತುವೊಂದನ್ನು ರಿಪೇರಿ ಮಾಡಿಸದೆ ಬಹುಕಾಲ ಬಳಸುತ್ತ ಬಂದರೆ, ಕ್ರಮೇಣ ಆ ವಸ್ತುವಿನ ದೋಷ ಬಳಸುವವನ ಮೈಗೆ ಬಂದು ಸೇರಿಕೊಳ್ಳುವುದನ್ನು ನೀವೂ ಗಮನಿಸಿರಬಹುದು. ಬಲಕ್ಕೆ ವಾಲಿಸಿದ ಹೊರತು ಸ್ಟಾರ್ಟ್ ಆಗದ ಸ್ಕೂಟರಿನ ಒಡೆಯ ಕಾಲಕ್ರಮದಲ್ಲಿ ತಾನೇ ಬಲಕ್ಕೆ ವಾಲಿಕೊಂಡು ನಡೆಯತೊಡಗುತ್ತಾನೆ. ಚಿಲಕ ಸರಿಯಾಗಿ ಬೀಳದ ಬಚ್ಚಲುಮನೆಯ ಕುಟುಂಬದವರು ಒಳಗಿರುವಷ್ಟು ಹೊತ್ತೂ ಹಾಡಿಕೊಳ್ಳುತ್ತ, ತಮ್ಮದು ಸಂಗೀತಪ್ರೇಮಿಗಳ ಮನೆತನವೆಂದೇ ನಂಬಿಬಿಡುತ್ತಾರೆ. ನನ್ನ ಪಾಲಿಗೆ ಬಂದದ್ದು ಬೆನ್ನು ಬಾಗಿಸಿ, ಕತ್ತು ತಗ್ಗಿಸಿ, ಎರಡೂ ಮೊಣಕೈಗಳನ್ನು ಮೇಜಿಗೂರಿ ಕೂರುವ ಒಂದು ಪರಮ ವಿನೀತ ಭಂಗಿ. ನೋಡಿದವರು ನಾನು ಯಾವುದೋ ಪಾರಾಯಣದಲ್ಲಿ ಮಗ್ನನಾಗಿದ್ದೇನೆಂದು ಭಾವಿಸುವಂತಿತ್ತು. ನಾನು ನನ್ನ ಹಳೆಯ ಲ್ಯಾಪ್‌ಟಾಪಿನ ಪರದೆ ನೋಡುತ್ತಿದ್ದೆ, ಅಷ್ಟೆ.

ಆ ಪರದೆಯ ಸ್ವಭಾವ ಹೀಗಿತ್ತು. ಎಲ್ಲ ಲ್ಯಾಪ್‌ಟಾಪುಗಳಂತೆ ಅದನ್ನು ಹಿಂದಕ್ಕೆ ಸಲೀಸಾಗಿ ತೆರೆದರೆ ಇಡೀ ಪರದೆ ಕಪ್ಪಾಗುತ್ತಿತ್ತು. ಅರೆಬರೆ ತೆರೆದು, ಯಾವುದೋ ಒಂದು ಕೋನದಲ್ಲಿ ಉಸಿರು ಬಿಗಿಹಿಡಿದು ನಿಲ್ಲಿಸಿದರೆ ಮೂರರಲ್ಲಿ ಮೇಲಿನ ಎರಡು ಭಾಗ ಬೆಳಗುತ್ತಿತ್ತು. ಕೆಳಗಿನ ಮೂರನೇ ಭಾಗ ಮಾತ್ರ ಏನು ಮಾಡಿದರೂ ಕತ್ತಲೆಯಲ್ಲೇ ಇರುತ್ತಿತ್ತು. ಆ ಕೋನವನ್ನು ಕಾಯ್ದಿಡಲು ಬಟ್ಟೆ ಒಣಹಾಕುವ ಒಂದು ಕ್ಲಿಪ್ಪನ್ನು ಪರದೆಯ ಅಂಚಿಗೆ ಕಚ್ಚಿಸಿ, ಹಿಂಬದಿಗೆ ದಪ್ಪ ಜರ್ಮನ್ ನಿಘಂಟೊಂದನ್ನು ಒರಗಿಸಿದ್ದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಮಹದಾಕಾಂಕ್ಷೆಯಿಂದ ಕೊಂಡ ಆ ನಿಘಂಟು ಮೊದಲ ಬಾರಿಗೆ ನನಗೆ ಆಸರೆಯಾದದ್ದು ಹೀಗೆ. ಜರ್ಮನ್ ಶಾಲೆಯಲ್ಲಿ ಓದುವ ನನ್ನ ಮಗಳು ಅನನ್ಯಾ ಈ ವ್ಯವಸ್ಥೆಯನ್ನು ನೋಡಿ, "ಪಾಪಾ, ದಸ್ ಇಸ್ಟ್ ಪೈನ್‌ಲಿಷ್" ಎಂದಳು. ನಾಚಿಕೆಗೇಡು ಎಂಬ ಅರ್ಥದ ಆ ಮಾತನ್ನು ತಿಳಿಯಲು ನನಗೆ ನಿಘಂಟು ಬೇಕಾಗಲಿಲ್ಲ.

ಇಷ್ಟಕ್ಕೂ ನನ್ನ ಉದ್ಯೋಗವೇನೆಂದು ಹೇಳಿದರೆ ನೀವೂ ನಗುತ್ತೀರಿ. ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ಆಸ್ಪತ್ರೆಗಳಿಗೆ ಸ್ಕ್ಯಾನಿಂಗ್ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ನಾನು ಸಾಫ್ಟ್‌ವೇರ್ ಎಂಜಿನಿಯರ್. ಯಂತ್ರದೊಳಗೆ ಮಲಗಿದ ರೋಗಿ ಉಸಿರಾಡುತ್ತಾನೆ, ಕೆಮ್ಮುತ್ತಾನೆ, ಹೆದರಿ ಅಲುಗುತ್ತಾನೆ. ಅದರಿಂದ ಚಿತ್ರ ಕಲಸಿಹೋಗುತ್ತದೆ. ಆ ಅಲುಗಾಟವನ್ನು ಲೆಕ್ಕಹಾಕಿ ಅಳಿಸಿ, ರೋಗಿ ಕಲ್ಲಿನಂತೆ ಮಲಗಿದ್ದನೆಂಬಂಥ ನಿಶ್ಚಲ ಚಿತ್ರವನ್ನು ವೈದ್ಯರ ಮುಂದಿಡುವುದು ನಮ್ಮ ವಿಭಾಗದ ಕೆಲಸ. ಆಫೀಸಿನಲ್ಲಿ ನನ್ನೆದುರು ಇರುವ ಎರಡು ವಿಶಾಲ ಪರದೆಗಳಲ್ಲಿ ಒಂದು ಚುಕ್ಕೆ ಮಂಕಾದರೂ ನಾನು ಸಹಿಸುವವನಲ್ಲ. ಮನೆಯ ಪರದೆಯ ವಿಷಯದಲ್ಲಿ ಮಾತ್ರ ನನ್ನದು ಸ್ಥಿತಪ್ರಜ್ಞನ ಸಮಾಧಾನ.

ಸಮಾಧಾನಕ್ಕೆ ಕಾರಣವೂ ಇತ್ತು. ಆ ಮುದಿ ಲ್ಯಾಪ್‌ಟಾಪಿಗೆ ನಾನು ಉಳಿಸಿದ್ದ ಕೆಲಸ ಒಂದೇ: ಭಾನುವಾರ ಬೆಳಿಗ್ಗೆ ಧಾರವಾಡದಲ್ಲಿರುವ ಅಕ್ಕನನ್ನು ತೋರಿಸುವುದು. ಅಕ್ಕ ನನಗಿಂತ ಬಹಳ ದೊಡ್ಡವಳು. ನಾನು ಹುಟ್ಟುವಾಗ ಅವಳು ಹೈಸ್ಕೂಲಿನಲ್ಲಿದ್ದಳು. ಅವ್ವನ ಆರೋಗ್ಯ ನೆಟ್ಟಗಿಲ್ಲದ್ದರಿಂದ ನನ್ನ ತಲೆ ಬಾಚಿದ್ದು, ಮೂಗು ಒರೆಸಿದ್ದು, ಕೈ ಹಿಡಿದು ಅಕ್ಷರ ತಿದ್ದಿಸಿದ್ದು ಎಲ್ಲ ಅವಳೇ. ಮುಂದೆ ಅವಳು ಶಾಲೆಯ ಶಿಕ್ಷಕಿಯಾಗಿ, ಹಲಗೆಯ ಮೇಲೆ ಮುದ್ದಾದ ಅಕ್ಷರ ಬರೆಯುವ ಟೀಚರ್ ಬಾಯಾರೆಂದು ಓಣಿಯಲ್ಲೆಲ್ಲ ಹೆಸರು ಮಾಡಿ, ನಿವೃತ್ತಳಾಗಿ, ನಾನು ಮಾಮಾ ಎಂದು ಕರೆಯುವ ತನ್ನ ಗಂಡನೊಡನೆ ಅಲ್ಲೇ ಇದ್ದಾಳೆ. ಅಪ್ಪ ಅವ್ವ ಹೋದಮೇಲೆ ಈ ಲೋಕದಲ್ಲಿ ನನ್ನನ್ನು ಬೈಯಲು ಪೂರ್ಣ ಅಧಿಕಾರವುಳ್ಳವಳು ಅವಳೊಬ್ಬಳೇ. ಅವಳನ್ನು ಕಾಣುವುದಕ್ಕೆಂದೇ ಇಟ್ಟುಕೊಂಡ ಪರದೆಯಲ್ಲಿ ಮೂರನೇ ಒಂದು ಭಾಗ ಕಾಣದಿದ್ದರೂ ನಾನು ತಿಂಗಳುಗಟ್ಟಲೆ ಸುಮ್ಮನಿದ್ದೆ. ಅವಳಿಗೆ ಆಗುತ್ತಿದ್ದುದು ಆ ಭಾಗದಲ್ಲೇ ಆಗುತ್ತಿತ್ತು. ನಗುತ್ತ ಶುರುಮಾಡಿದ್ದರೂ, ಈ ಬರಹ ಹುಟ್ಟಿದ್ದು ಆ ಕೊರಗಿನಿಂದಲೇ.

ಹಾಗೆಂದು ನಾನು ಪರದೆಯ ರೋಗವನ್ನು ಪರೀಕ್ಷಿಸಲೇ ಇಲ್ಲವೆಂದು ತಿಳಿಯಬೇಡಿ. ದಸರೆಯ ಸುಮಾರಿಗೆ ಅದು ಮೊದಲ ಸಲ ಮಿಣುಕಿದಾಗ ನಾನು ಶಾಸ್ತ್ರೋಕ್ತವಾಗಿಯೇ ತಪಾಸಣೆಗೆ ಕುಳಿತೆ. ಮೊದಲನೆಯದಾಗಿ ಆರಿಸಿ ಹೊತ್ತಿಸಿದೆ. ನಮ್ಮ ವೃತ್ತಿಯ ಸಕಲ ವಿದ್ಯೆಗಳ ಸಾರ ಇದೇ ಎಂಬುದು ಹೊರಗಿನವರಿಗೆ ಗೊತ್ತಿಲ್ಲದಿರುವುದರಿಂದಲೇ ನಮ್ಮ ಸಂಸಾರಗಳು ನಡೆಯುತ್ತಿವೆ. ಆಮೇಲೆ ಪರದೆಗೆ ಸಂಬಂಧಿಸಿದ ಸಾಫ್ಟ್‌ವೇರನ್ನು ಹೊಸದಾಗಿ ಹಾಕಿದೆ. ಬಳಿಕ ಒಂದು ವಯರಿನಿಂದ ಹಾಲಿನ ಟೀವಿಗೆ ಜೋಡಿಸಿ ನೋಡಿದೆ: ಟೀವಿಯಲ್ಲಿ ಚಿತ್ರ ಅಖಂಡವಾಗಿ, ಅಚ್ಚುಕಟ್ಟಾಗಿ ಬಂತು. ಅಂದರೆ ಲ್ಯಾಪ್‌ಟಾಪಿನ ಮಿದುಳು ಸ್ವಸ್ಥವಾಗಿದೆ, ಪರದೆಯವರೆಗೆ ಸುದ್ದಿ ಮುಟ್ಟುತ್ತಿಲ್ಲ. ಮುಚ್ಚಿ ತೆರೆದಂತೆಲ್ಲ ದೋಷ ಬದಲಾಗುತ್ತಿತ್ತಾದ್ದರಿಂದ, ಕೆಳಗಿನಿಂದ ಪರದೆಗೆ ಹೋಗುವ ಕೇಬಲ್ ಎಲ್ಲೋ ತಿರುಗಣಿಯ ಹತ್ತಿರ ಸಿಕ್ಕಿ ನಲುಗಿದೆ ಎಂದು ನಿರ್ಣಯಿಸಿದೆ. ಆ ನಿರ್ಣಯ ಅಕ್ಷರಶಃ ಸರಿಯಾಗಿತ್ತೆಂದು ಮುಂದೆ ಸಾಬೀತಾಯಿತು.

ಅನರ್ಥ ಆದದ್ದು ಅಲ್ಲೇ. ನಮ್ಮ ಕಸುಬಿನವರಿಗೆ ಒಂದು ಚಟವಿದೆ: ದೋಷದ ಮೂಲ ಗೊತ್ತಾದ ಕ್ಷಣ ಕೆಲಸ ಮುಗಿಯಿತೆಂಬ ತೃಪ್ತಿ ಹುಟ್ಟಿಬಿಡುತ್ತದೆ. ಸರಿಪಡಿಸುವುದು ಬೇರೆ ಯಾರದೋ ವಿಭಾಗ. ಕೇಬಲ್ ಎಂದು ಗೊತ್ತಾಯಿತಲ್ಲ, ಇನ್ನೇನು ಬೇಕು ಎಂದು ನಾನು ಕ್ಲಿಪ್ಪು ಹಚ್ಚಿ ನಿಶ್ಚಿಂತನಾದೆ. ಊರ ಅಂಗಡಿಯೊಂದರಲ್ಲಿ ವಿಚಾರಿಸಿದಾಗ, ಇಷ್ಟು ಹಳೆಯ ಯಂತ್ರವನ್ನು ಬಿಚ್ಚುವುದು ಲಾಭದಾಯಕವಲ್ಲ, ಹೊಸದು ತೆಗೆದುಕೊಳ್ಳಿ ಎಂದು ಅವರು ಸವಿನಯವಾಗಿ ಹೇಳಿ ಕಳಿಸಿದರು. ಹೊಸದು ಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ. ಹಳೆಯದನ್ನು ಬಿಚ್ಚಲು ಮೈ ಒಪ್ಪಲಿಲ್ಲ. ನನ್ನ ಹೆಂಡತಿ ಶೈಲಾ ಭಾನುವಾರಕ್ಕೊಮ್ಮೆ, "ಅಲ್ರೀ, ಟೀವಿಗೆ ಹಚ್ಚಿಕೊಂಡರೆ ಮಾತಾಡಬಾರದೇನು? ಅಕ್ಕಾವ್ರ ಮಾರಿ ಅರ್ಧಾ ನೋಡಾಕ ಹೆಂಗರೆ ಮನಸು ಬರತೈತೋ" ಎನ್ನುತ್ತಿದ್ದಳು. ಮಾರಿ ಪೂರ್ತಿ ಕಾಣುತ್ತದೆ, ಕಾಣದಿರುವುದು ಟೇಬಲ್ಲು ಎಂದು ನಾನು ಅವಳನ್ನು ತಿದ್ದುತ್ತಿದ್ದೆ.

ಅದು ನಿಜವೂ ಹೌದು. ಅಕ್ಕನ ಹಣೆ, ಕುಂಕುಮ, ಕನ್ನಡಕ, ನಗು, ಹೆಗಲ ಮೇಲಿನ ಸೆರಗು, ಅವಳ ಹಿಂದಿನ ಗೋಡೆಯ ಕ್ಯಾಲೆಂಡರು ಎಲ್ಲ ಮೇಲಿನ ಎರಡು ಭಾಗದಲ್ಲೇ ಬರುತ್ತಿದ್ದವು. ಅಲ್ಲಿಂದ ಕೆಳಗೆ ಅವಳು ಫೋನು ಒರಗಿಸಿಡುತ್ತಿದ್ದ ಟೀಪಾಯಿ, ಅದರ ಮೇಲಿನ ಚಹಾ, ಮತ್ತು ಪರದೆಯ ಮೂಲೆಯಲ್ಲಿ ಪುಟ್ಟದಾಗಿ ಮೂಡುವ ನನ್ನದೇ ಮುಖ. ನನ್ನ ಮುಖ ನನಗೆ ಕಾಣದಿರುವುದನ್ನು ನಷ್ಟವೆಂದು ನಾನು ಪರಿಗಣಿಸಿರಲಿಲ್ಲ. ತೊಂದರೆಯೆಂದರೆ ಮಾತು ಮುಗಿಸುವ ಕೆಂಪು ಗುಂಡಿಯೂ ಆ ಕತ್ತಲ ಪ್ರಾಂತ್ಯದಲ್ಲೇ ಇದ್ದುದರಿಂದ, ದನಿ ಹೆಚ್ಚಿಸಲು ಹೋಗಿ ಎಷ್ಟೋ ಸಲ ಅಕ್ಕನನ್ನು ಅರ್ಧ ವಾಕ್ಯದಲ್ಲೇ ಕತ್ತರಿಸಿಬಿಡುತ್ತಿದ್ದೆ. ಅವಳು ಮತ್ತೆ ಫೋನು ಮಾಡಿ, "ಯಾಕೋ ತಮ್ಮಾ, ನನ್ನ ಮಾತು ಅಷ್ಟ ಬ್ಯಾಸರಾತೇನು?" ಎಂದು ನಗುತ್ತಿದ್ದಳು. ಪರದೆ ಕೆಟ್ಟಿರುವ ವಿಷಯ ಹೇಳಿದರೆ ಹೊಸದು ತೊಗೋ ಎಂದು ವಾರವಾರವೂ ಪಾಠವಾದೀತೆಂದು ಹೆದರಿ, ನೆಟ್‌ವರ್ಕ್ ಸರಿಯಿಲ್ಲ ಅಕ್ಕಾ ಎಂದು ನಾನು ಆಕಾಶದ ಮೇಲೆ ತಪ್ಪು ಹೊರಿಸುತ್ತಿದ್ದೆ.

ದೀಪಾವಳಿಯ ಆಸುಪಾಸಿನಲ್ಲಿ ಅಕ್ಕನ ಕಡೆಯಿಂದಲೇ ಒಂದು ಹೊಸ ದೋಷ ಕಾಣಿಸಿಕೊಂಡಿತು. ಅವಳ ಚಿತ್ರ ಸಣ್ಣಗೆ, ಒಂದೇ ಲಯದಲ್ಲಿ ನಡುಗತೊಡಗಿತು. ಮೊದಲು ನನ್ನ ಕೇಬಲ್ಲನ್ನೇ ಶಂಕಿಸಿದೆ. ಆದರೆ ನಡುಗುತ್ತಿದ್ದುದು ಅಕ್ಕ ಮತ್ತು ಅವಳ ಕ್ಯಾಲೆಂಡರು ಮಾತ್ರ, ಪರದೆಯ ಪಕ್ಕದಲ್ಲಿದ್ದ ಅಕ್ಷರಗಳೆಲ್ಲ ಸ್ಥಿರವಾಗಿದ್ದವು. ಅಲುಗಾಟದ ಶಾಸ್ತ್ರದಲ್ಲಿ ನಿಷ್ಣಾತನಾದ ನಾನು ಬಿಡುವವನೇ? ಫೋನು ಅಲುಗುತ್ತಿದೆ, ಟೀಪಾಯಿಯ ಕಾಲು ಗಿಡ್ಡಾಗಿದೆ, ಬಹುಶಃ ಮೇಲಿನ ಫ್ಯಾನಿನಿಂದ ಅದುರುತ್ತಿದೆ ಎಂದು ಕುಳಿತಲ್ಲೇ ಪತ್ತೆಹಚ್ಚಿದೆ. "ಅಕ್ಕಾ, ಒಂದ ಟಾವೆಲ್ ಮಡಚಿ ಫೋನಿನ ಬುಡಕ ಇಡು. ಟೀಪಾಯಿ ಮ್ಯಾಲೆ ಭಾರ ಹಾಕಬ್ಯಾಡ. ಚಿತ್ರ ಅಲಗಾಡಾಕತ್ತೈತಿ" ಎಂದೆ. ಅವಳು ಒಂದು ಗಳಿಗೆ ನನ್ನನ್ನೇ ನೋಡಿ, "ಹೌದೇನು? ಆತು ಬಿಡಪಾ" ಎಂದಳು. ಮುಂದಿನ ವಾರದಿಂದ ಚಿತ್ರ ನಿಶ್ಚಲವಾಯಿತು. ಸಮುದ್ರದಾಚೆಯಿಂದ, ಮುಟ್ಟದೆ, ನೋಡದೆ ಒಂದು ದೋಷ ನಿವಾರಿಸಿದ ಹೆಮ್ಮೆಯನ್ನು ನಾನು ಶೈಲಾಳ ಮುಂದೆ ಎರಡು ದಿನ ಕೊಚ್ಚಿಕೊಂಡೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ನಮ್ಮ ಮನೆತನದ ಒಂದು ರೂಢಿಯನ್ನು ಹೇಳಬೇಕು. ಜರ್ಮನರು ಮನಸ್ಸಿನಲ್ಲಿದ್ದುದನ್ನು ಮುಖದ ಮೇಲೆಯೇ ಹೇಳುವ ಜನ. ನಿಮ್ಮ ಸೈಕಲ್ಲು ನಮ್ಮ ದಾರಿಗೆ ಅಡ್ಡ ಬರುತ್ತದೆ, ನಿಮ್ಮ ಒಗ್ಗರಣೆಯ ವಾಸನೆ ಮಹಡಿಯವರೆಗೆ ಬರುತ್ತದೆ, ಭಾನುವಾರ ಗೋಡೆಗೆ ಮೊಳೆ ಹೊಡೆಯಬೇಡಿ ಎಂದು ನಗುಮುಖದಲ್ಲೇ ತಿಳಿಸಿ, ಅದೇ ನಗುಮುಖದಲ್ಲಿ ಶುಭದಿನ ಕೋರಿ ಹೋಗುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮಲ್ಲಿ ಯಾರೂ ತಮಗೇನು ಬೇಕೆಂದು, ತಮಗೇನು ನೋವೆಂದು ಬಾಯಿಬಿಟ್ಟು ಹೇಳಿದ್ದೇ ಇಲ್ಲ. ಕಾಣುವ ಹಾಗೆ ಇಡುತ್ತಿದ್ದರು. ಅಪ್ಪನಿಗೆ ಹೊಸ ಛತ್ರಿ ಬೇಕಾದರೆ ಹರಿದ ಛತ್ರಿಯನ್ನು ಪಡಸಾಲೆಯ ನಡುವೆ ಬಿಚ್ಚಿಡುತ್ತಿದ್ದರು. ಚಹಾಪುಡಿ ಮುಗಿದರೆ ಅವ್ವ ಖಾಲಿ ಡಬ್ಬಿಯನ್ನು ಎಲ್ಲರೂ ಎಡವುವ ಹಾಗೆ ಹೊಸ್ತಿಲ ಬಳಿ ಇಡುತ್ತಿದ್ದಳು. ಅಕ್ಕನಿಗೆ ಬಂದ ಮೊದಲ ವರನ ಫೋಟೋ ಮರುದಿನ ಬೆಳಿಗ್ಗೆ ದೇವರ ಗೂಡಿನ ಪಕ್ಕದ ಗೋಡೆಯ ಮಾಡದಲ್ಲಿ ಬೋರಲು ಬಿದ್ದಿತ್ತು. ಅಪ್ಪ ಅದನ್ನು ನೋಡಿ, ಏನೂ ಕೇಳದೆ, ಆ ಸಂಬಂಧ ಬಿಟ್ಟರು. ಹೇಳುವುದೆಂದರೆ ಬೇಡಿದ ಹಾಗೆ. ತೋರಿಸಿದರೆ ಸಾಕು, ಮನೆಯವರಾದವರು ನೋಡಿಯೇ ನೋಡುತ್ತಾರೆ ಎಂಬ ಭರವಸೆಯ ಮೇಲೆ ನಮ್ಮ ಸಂಸಾರ ನಡೆಯುತ್ತಿತ್ತು.

ಯುಗಾದಿ ಕಳೆದಮೇಲೆ ಕೊನೆಗೂ ನನ್ನ ಲ್ಯಾಪ್‌ಟಾಪಿಗೆ ಮೋಕ್ಷದ ಕಾಲ ಬಂತು. ನಮ್ಮ ಬಡಾವಣೆಯ ಚರ್ಚಿನ ಸಭಾಂಗಣದಲ್ಲಿ ತಿಂಗಳಿಗೊಂದು ಶನಿವಾರ ರಿಪೇರಿ ಕೂಟ ನಡೆಯುತ್ತದೆ. ಇದು ಈ ದೇಶದ ಒಂದು ಸೊಗಸಾದ ಪದ್ಧತಿ: ಕೆಟ್ಟ ಟೋಸ್ಟರು, ನಿಂತ ಗಡಿಯಾರ, ಮೂಕವಾದ ರೇಡಿಯೊಗಳನ್ನು ಹೊತ್ತು ಜನ ಬರುತ್ತಾರೆ, ಹವ್ಯಾಸಿಗಳು ಬಿಟ್ಟಿಯಾಗಿ ಸಹಾಯ ಮಾಡುತ್ತಾರೆ, ಕಾಫಿ ಮತ್ತು ಮನೆಯಲ್ಲಿ ಮಾಡಿದ ಕೇಕು ಇರುತ್ತದೆ. ನಿಯಮ ಒಂದೇ, ವಸ್ತುವನ್ನು ಕೊಟ್ಟು ಹೋಗುವಂತಿಲ್ಲ. ಒಡೆಯನೂ ಪಕ್ಕದಲ್ಲಿ ಕೂತು ಕೈ ಹಚ್ಚಬೇಕು. ಶೈಲಾ ನಿಘಂಟು, ಕ್ಲಿಪ್ಪು ಸಮೇತ ಆ ಯಂತ್ರವನ್ನು ನನ್ನ ಸೈಕಲ್ಲಿನ ಬುಟ್ಟಿಯಲ್ಲಿಟ್ಟು, ಸರಿಯಾಗದೆ ಮನೆಗೆ ಬರಕೂಡದೆಂದು ನನ್ನನ್ನು ಅಟ್ಟಿದಳು.

ನನ್ನ ಪಾಲಿಗೆ ಬಂದವರು ಹೆರ್ ತ್ಸೈಡ್ಲರ್ ಎಂಬ ನಿವೃತ್ತ ಲ್ಯಾಟಿನ್ ಮೇಷ್ಟರು. ಲ್ಯಾಪ್‌ಟಾಪು ಬಿಚ್ಚುವುದರಲ್ಲಿ ಅವರ ಪಾಂಡಿತ್ಯ ನನ್ನದಕ್ಕಿಂತ ಹೆಚ್ಚೇನೂ ಇರಲಿಲ್ಲ, ಆದರೆ ಧೈರ್ಯ ಇತ್ತು. ಅವರು ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, ತಾವು ಕೇಕಿನ ತಟ್ಟೆ ಹಿಡಿದುಕೊಂಡು, ಎಂದಿನಿಂದ ಹೀಗಾಗಿದೆ ಎಂದು ಕೇಳಿದರು. ಶರತ್ಕಾಲದಿಂದ ಎಂದೆ. ಅವರು ಕಿಟಕಿಯ ಹೊರಗೆ ಬಿರಿಯುತ್ತಿದ್ದ ಚೆರ್ರಿ ಹೂಗಳನ್ನೂ ನನ್ನನ್ನೂ ಒಮ್ಮೆ ನೋಡಿದರು. ಅಷ್ಟು ಕಾಲ ಕೆಳಗಿನ ಭಾಗವಿಲ್ಲದೆ ಹೇಗೆ ನಡೆಸಿದಿರಿ, ಅಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದು ಅವರ ಮುಂದಿನ ಪ್ರಶ್ನೆ. ಮುಖ್ಯವಾದದ್ದೇನೂ ಇರುವುದಿಲ್ಲ ಎಂದು ನಾನು ಉತ್ತರಿಸಿದೆ.

ಸ್ಕ್ರೂಗಳನ್ನು ತೆಗೆದು, ಚೌಕಟ್ಟನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿದಾಗ ನನ್ನ ಹಳೆಯ ನಿರ್ಣಯ ಸಾಕಾರವಾಗಿ ಎದುರಿಗೆ ಬಂತು: ತೆಳ್ಳಗಿನ ಕೇಬಲ್ಲು ತಿರುಗಣಿಯ ಸಂದಿಯಲ್ಲಿ ಸಿಕ್ಕಿ, ಮೇಲ್ಪದರ ಸವೆದು, ಅದರ ತುದಿ ಪರದೆಯ ಬೆನ್ನಿನ ಕಿಂಡಿಯಿಂದ ಅರ್ಧ ಹೊರಬಂದಿತ್ತು. ಬಿಡಿಸಿ, ಸವೆದಲ್ಲಿ ಟೇಪು ಸುತ್ತಿ, ಸಂದಿಗೆ ಸಿಗದ ಹಾಗೆ ದಾರಿ ಬದಲಿಸಿ, ತುದಿಯನ್ನು ಕಿಂಡಿಯೊಳಗೆ ಒತ್ತಿ ಕೂರಿಸಿದೆವು. ಮುಚ್ಚುವಾಗ ಒಂದು ಸ್ಕ್ರೂ ಉಳಿಯಿತು. ಒಂದು ಉಳಿದರೆ ಕೆಲಸ ಸರಿಯಾಗಿದೆಯೆಂದೇ ಅರ್ಥ ಎಂದು ಹೆರ್ ತ್ಸೈಡ್ಲರ್ ತೀರ್ಪು ಕೊಟ್ಟರು. ಪರದೆ ಅಂಚಿನಿಂದ ಅಂಚಿಗೆ ಬೆಳಗಿತು. ಹೇಗೆ ತೆರೆದರೂ, ಎಷ್ಟು ಹಿಂದಕ್ಕೆ ಬಾಗಿಸಿದರೂ ಬೆಳಗಿಯೇ ಇತ್ತು. ಇಡೀ ಕೆಲಸಕ್ಕೆ ಒಂದು ತುಂಡು ಕೇಕು ತಿನ್ನುವಷ್ಟು ಹೊತ್ತು ಹಿಡಿದಿರಬೇಕು. ಸೈಕಲ್ಲು ತುಳಿಯುತ್ತ ಮನೆಗೆ ಬರುವಾಗ ನನಗಾದ ಆನಂದದಲ್ಲಿ ಇಷ್ಟು ಚಿಕ್ಕ ಕೆಲಸವನ್ನು ಚಳಿಗಾಲವಿಡೀ ಮಾಡಲಿಲ್ಲವಲ್ಲ ಎಂಬ ಚುಚ್ಚು ಸಣ್ಣದಾಗಿ ಇತ್ತು.

ಮರುದಿನ ಭಾನುವಾರ. ಬಹಳ ದಿನಗಳ ಮೇಲೆ ಬೆನ್ನು ನೆಟ್ಟಗೆ ಮಾಡಿ ಕುರ್ಚಿಗೆ ಒರಗಿ ಕುಳಿತೆ. ಅಕ್ಕ ಬಂದಳು, ಪೂರ್ತಿಯಾಗಿ ಬಂದಳು: ಹಣೆಯಿಂದ ಹಿಡಿದು ಟೀಪಾಯಿಯ ಅಂಚಿನವರೆಗೆ. ಅಲ್ಲಿ ಅವಳ ಚಹಾ ಕೂಡ ಇತ್ತು. ಆದರೆ ಅವಳ ಎಂದಿನ ಸ್ಟೀಲ್ ಲೋಟವಿರಲಿಲ್ಲ. ಮುಚ್ಚಳವುಳ್ಳ, ಮೇಲೆ ಕೊಳವೆ ಚಾಚಿಕೊಂಡಿರುವ, ಸಣ್ಣ ಮಕ್ಕಳ ಪ್ಲಾಸ್ಟಿಕ್ ಕಪ್ಪೊಂದಿತ್ತು. ಕಾಣುವ ಸುಖದ ಅಮಲಿನಲ್ಲಿದ್ದ ನಾನು ನಕ್ಕುಬಿಟ್ಟೆ. "ಇದೇನಕ್ಕಾ, ಕೂಸಿನಗತೆ ಸ್ಟ್ರಾ ಹಾಕ್ಕೊಂಡು ಚಹಾ ಕುಡಿಯಾಕತ್ತೀ?"

ಅಕ್ಕ ನಗಲಿಲ್ಲ. ಕನ್ನಡಕದ ಹಿಂದಿನ ಕಣ್ಣು ಒಮ್ಮೆ ಆಚೆ ಸರಿದು ಮತ್ತೆ ನನ್ನ ಮೇಲೆ ಬಂದವು. "ಅಂತೂ ಇವತ್ತರೆ ಕೇಳಿದೀ" ಎಂದಳು.

ಆಮೇಲೆ ಅವಳು ಪಾಠ ಹೇಳುವ ದನಿಯಲ್ಲಿ, ಅವಸರವಿಲ್ಲದೆ ಹೇಳಿದಳು. ದಸರೆ ಮುಗಿಯುವ ಹೊತ್ತಿಗೆ ಬಲಗೈ ತಾನಾಗಿ ನಡುಗಲು ಹಿಡಿಯಿತಂತೆ. ಡಾಕ್ಟರು ಪಾರ್ಕಿನ್ಸನ್ ಎಂದರಂತೆ. ಗುಳಿಗೆ ನಡೆದಿವೆ, ಒಂದು ದಿನ ಕಡಿಮೆ ಒಂದು ದಿನ ಹೆಚ್ಚು, ಬರೆಯಲು ಮಾತ್ರ ಆಗುವುದಿಲ್ಲ. "ಮಾಮಾ ಫೋನ್ ಮಾಡಿ ಹೇಳತೀನಿ ಅಂದ್ರು. ನಾನ ಬ್ಯಾಡ ಅಂದೆ. ದೂರ ಇದ್ದಾಂವಗ ಫೋನಿನ್ಯಾಗ ಹೆಂಗ ಹೇಳೂದು? ಅದಕ್ಕ ದೀಪಾವಳಿ ವಾರ ಕೈ ಟೀಪಾಯಿ ಮ್ಯಾಲೆ ನಿನ್ನ ಮುಂದ ಇಟಗೊಂಡು ಕುಂತೆ. ನೋಡತಾನ, ಕೇಳತಾನ, ಆಗ ಹೇಳಿದ್ರಾತು ಅಂತ. ನೀ ನೋಡಿದಿ. ನೋಡಿ, ಚಿತ್ರ ಅಲಗಾಡತೈತಿ, ಟೀಪಾಯಿ ಮ್ಯಾಲೆ ಭಾರ ಹಾಕಬ್ಯಾಡ ಅಂದಿ." ಅವಳು ಎಡಗೈಯಿಂದ ಕನ್ನಡಕ ಸರಿಮಾಡಿಕೊಂಡಳು. "ತಮ್ಮಗ ಇದನ್ನ ನೋಡಾಕ ಆಗವಲ್ದು ಅಂತ ತಿಳಕೊಂಡೆ. ಕೈ ತಗದು ಸೆರಗಿನ್ಯಾಗ ಇಟಗೊಂಡೆ. ಆಮ್ಯಾಲೆ ನಾನೂ ತೋರಸಾಕ ಹೋಗಲಿಲ್ಲ."

ಈ ಮಾತು ಕೇಳಿದಾಗ ನನಗೆ ಆದದ್ದನ್ನು ಅಲಂಕರಿಸಿ ಹೇಳುವ ಶಕ್ತಿ ನನಗಿಲ್ಲ. ನನ್ನ ಮುಖಕ್ಕೆ ರಕ್ತ ನುಗ್ಗಿತು, ಕಣ್ಣು ತುಂಬಿದವು, ನಾಚಿಕೆಯಾಯಿತು. ನೋವನ್ನು ಅವಳು ನಮ್ಮ ಮನೆಯ ರೂಢಿಯಂತೆ ನನ್ನೆದುರು ತೆರೆದಿಟ್ಟಿದ್ದಳು. ನಾನು ಅದನ್ನು ಒಂದು ತಾಂತ್ರಿಕ ದೋಷವೆಂದು ಗುರುತಿಸಿ, ನಿವಾರಣೋಪಾಯ ಹೇಳಿ, ಅವಳ ಕೈಯನ್ನು ಚಿತ್ರದಿಂದ ಹೊರಗಟ್ಟಿದ್ದೆ. ಅಷ್ಟಕ್ಕೇ ನಿಲ್ಲದೆ ಆ ಸಾಧನೆಯ ಬಗ್ಗೆ ಮನೆಯಲ್ಲಿ ಜಂಭ ಕೊಚ್ಚಿದ್ದೆ. ಇತ್ತೀಚೆಗೆ ಚಹಾ ಆಮೇಲೆ ಕುಡಿಯುತ್ತೇನೆ ಎಂದು ಅವಳು ಪ್ರತಿ ವಾರ ಹೇಳುತ್ತಿದ್ದುದು ಈಗ ಕಿವಿಗೆ ಬಿತ್ತು. ಆ ಇಡೀ ಚಳಿಗಾಲ ಅವಳು ನನ್ನೆದುರು ಕುಳಿತು ನನ್ನ ಹವಾಮಾನ ವರದಿ, ನನ್ನ ಬಡ್ತಿ, ಅನನ್ಯಾಳ ಈಜು, ನಮ್ಮ ಹಿಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನೊಬ್ಬ ನೋಡಿಯೂ ನೋಡದ ತಮ್ಮನೆಂದು ತಿಳಿದುಕೊಂಡೇ ಕೇಳಿಸಿಕೊಂಡಿದ್ದಳು, ಒಂದು ವಾರವನ್ನೂ ತಪ್ಪಿಸಿರಲಿಲ್ಲ.

"ಅಕ್ಕಾ, ನನಗ ಕಂಡಿಲ್ಲ" ಎಂದೆ. "ನನ್ನ ಸ್ಕ್ರೀನ್ ಕೆಟ್ಟಿತ್ತು. ಕೆಳಗಿನ ಭಾಗ ಕಾಣಸ್ತಿದ್ದಿಲ್ಲ. ನಿನ್ನೆ ರಿಪೇರಿ ಆಗೈತಿ."

ಹೇಳುವಾಗಲೇ ಈ ಮಾತು ಎಷ್ಟು ಪೊಳ್ಳಾಗಿ ಕೇಳಿಸುತ್ತದೆಂದು ನನಗೇ ಗೊತ್ತಾಯಿತು. ಲೋಕಕ್ಕೆಲ್ಲ ಯಂತ್ರ ಮಾಡಿಕೊಡುವ ದೇಶದಲ್ಲಿ, ಕಂಪ್ಯೂಟರಿನಿಂದಲೇ ಹೊಟ್ಟೆ ಹೊರೆಯುವ ಮನುಷ್ಯ, ದಸರೆಯಿಂದ ಯುಗಾದಿಯವರೆಗೆ ಕೆಟ್ಟ ಪರದೆ ಇಟ್ಟುಕೊಂಡಿದ್ದನೆಂದರೆ ಯಾರು ನಂಬುತ್ತಾರೆ? ಅದೂ ಪ್ರತಿ ವಾರ ನೆಟ್‌ವರ್ಕ್ ಸರಿಯಿಲ್ಲವೆಂದು ಹೇಳುತ್ತ ಬಂದವನು. ಅಕ್ಕ ಮೆಲ್ಲಗೆ, "ಜರ್ಮನಿಯೊಳಗೂ ಅಷ್ಟ ದಿನಾ ಕೆಟ್ಟ ಇರತೈತೇನು?" ಎಂದಳು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಹೋಂವರ್ಕು ನೀರಿನಲ್ಲಿ ಬಿತ್ತೆಂದು ಹೇಳುವ ಹುಡುಗನ ಮಾನ ಕಾಯುವ ಮೇಷ್ಟ್ರಮ್ಮನ ದನಿ ಇತ್ತು. ಅದೇ ನನಗೆ ಹೆಚ್ಚು ಇರಿಯಿತು.

ಅವಳಿಗೆ ತೋರಿಸಿಯೇ ಬಿಡುತ್ತೇನೆಂದು ಹೊರಟೆ. ಶೈಲಾಳ ಫೋನು ಕಿತ್ತುಕೊಂಡು, ಅದನ್ನೂ ಅದೇ ಕರೆಗೆ ಸೇರಿಸಿ, ಕ್ಯಾಮೆರಾವನ್ನು ಲ್ಯಾಪ್‌ಟಾಪಿನ ಕಡೆ ತಿರುಗಿಸಿ, ಪರದೆಯನ್ನು ಹಿಂದಕ್ಕೆ ಬಾಗಿಸಿದೆ, ಮುಂದಕ್ಕೆ ತಂದೆ, ಅಲುಗಿಸಿದೆ, ಬೆರಳಿನಿಂದ ತಟ್ಟಿದೆ. ಅದು ಎಲ್ಲ ಕೋನಗಳಲ್ಲೂ ಅಂಚಿನಿಂದ ಅಂಚಿಗೆ ಝಗಝಗನೆ ಬೆಳಗುತ್ತಲೇ ಇತ್ತು. ಯಂತ್ರವೊಂದು ಕೆಡಲೆಂದು ನಾನು ಬದುಕಿನಲ್ಲಿ ಮೊದಲ ಸಲ ಹಂಬಲಿಸಿದೆ. ಹೆರ್ ತ್ಸೈಡ್ಲರ್ ಮತ್ತು ನಾನು ಸೇರಿ ನನ್ನ ಏಕೈಕ ಸಾಕ್ಷಿಯನ್ನು ರಿಪೇರಿ ಮಾಡಿ ಮುಗಿಸಿಬಿಟ್ಟಿದ್ದೆವು. ಶೈಲಾ ಮುಂದೆ ಬಂದು, "ಖರೇನ ಕೆಟ್ಟಿತ್ರೀ ಅಕ್ಕಾವ್ರ, ನಾ ಹೇಳಿ ಹೇಳಿ ಸಾಕಾದೆ" ಎಂದಳು. ಹೆಂಡತಿ ಗಂಡನ ಪರವಾಗಿ ನುಡಿಯುವ ಸಾಕ್ಷ್ಯಕ್ಕೆ ಯಾವ ನ್ಯಾಯಾಲಯದಲ್ಲಿ ಎಷ್ಟು ಬೆಲೆಯಿದೆಯೋ ಅಷ್ಟೇ ಬೆಲೆ ಅದಕ್ಕೆ ಸಿಕ್ಕಿತು.

"ಇರಲಿ ಬಿಡೋ, ನಂಬತೀನಿ" ಎಂದಳು ಅಕ್ಕ. ನಿಜಕ್ಕೂ ನಂಬಿದಳೋ, ನಾನು ಅಷ್ಟು ಒದ್ದಾಡುವುದನ್ನು ನೋಡಲಾರದೆ ನಂಬಿದಂತೆ ಮಾಡಿದಳೋ, ನನಗೆ ಇಂದಿಗೂ ಗೊತ್ತಿಲ್ಲ; ಕೇಳುವ ಧೈರ್ಯವೂ ಆಗಿಲ್ಲ. ಅವಳು ನಂಬಿದರೂ ಆ ತಿಂಗಳುಗಳು ಹಿಂದೆ ಬರುವುದಿಲ್ಲ. ಕೈ ಮೊದಲು ನಡುಗಿದ ದಿನ ಅವಳಿಗೆ ಎಷ್ಟು ಹೆದರಿಕೆಯಾಗಿರಬೇಕು, ಆಗ ಯಾರ ಮುಂದೆ ಅತ್ತಳು, ಅತ್ತಳೋ ಇಲ್ಲವೋ ಎಂಬುದು ನನಗೆ ಇನ್ನು ತಿಳಿಯುವುದಿಲ್ಲ. ನಾನು ಶೈಲಾಳ ಫೋನು ಕೆಳಗಿಟ್ಟು, ಲ್ಯಾಪ್‌ಟಾಪನ್ನು ನನ್ನ ಕಡೆ ಎಳೆದುಕೊಂಡೆ.

"ಅಕ್ಕಾ, ಕೈ ಮ್ಯಾಲೆ ಇಡು."

"ಬ್ಯಾಡೋ. ನಿನ್ನ ಚಿತ್ರ ಅಲಗಾಡತೈತಿ."

"ಅಲಗಾಡಲಿ, ಇಡು."

ಅವಳು ಸೆರಗಿನೊಳಗಿಂದ ಬಲಗೈ ತೆಗೆದು, ಅಪರಿಚಿತರ ಮುಂದೆ ಇಡುವ ಹಾಗೆ ಸಂಕೋಚದಿಂದ, ಟೀಪಾಯಿಯ ಮೇಲೆ ಇಟ್ಟಳು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಾಗುತ್ತ, ಕಾಣದ ಸೀಮೆಸುಣ್ಣವೊಂದನ್ನು ಹೊರಳಿಸುತ್ತಿರುವಂತೆ, ನಿಲ್ಲದೆ ಆಡುತ್ತಿದ್ದವು. ಟೀಪಾಯಿ ಅದುರಿತು; ಫೋನು ಅದುರಿತು; ಅಕ್ಕ, ಅವಳ ಕನ್ನಡಕ, ಕ್ಯಾಲೆಂಡರು, ಇಡೀ ಧಾರವಾಡ ನನ್ನ ಪರದೆಯ ಮೇಲೆ ಸಣ್ಣಗೆ ನಡುಗಿತು. ಅವಳು ಇನ್ನೊಂದು ಕೈಯಿಂದ ಅದನ್ನು ಅದುಮಿಡಲು ಹೋದಾಗ ಬೇಡವೆಂದೆ. ಹಾಗೇ ಕುಳಿತೆವು. ಅವಳ ಚಹಾ ಆರಿಹೋಗುತ್ತಿತ್ತು. ಕುಡಿ ಅಕ್ಕಾ ಎಂದೆ. ಅವಳು ಬಾಗಿ ಕೊಳವೆಗೆ ಬಾಯಿ ಹಚ್ಚಿ ಕುಡಿದಳು, ನಾನು ಕೈಯನ್ನೇ ನೋಡುತ್ತಿದ್ದೆ.